ಗದ್ದೆಯಿಲ್ಲದ ಕೆರೆಗಳು

ಕೆರೆಯ ಏರಿಯನ್ನೇರಿದೊಡನೆ ಕೆಳಗೆ ಗದ್ದೆಯನ್ನು ಅರಸುವುದು ಹೊಸೂರು ಸೀಮೆಯವರಾದ ನಮ್ಮ ಕಣ್ಣಿನ ರೂಢಿ. ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ಓಡರ್‌ಟೈಷ್ ಕೆರೆಯ ಏರಿಯ ಮೇಲೆ ನಿಂತಾಗ ನಮಗೆ ಕಂಡದ್ದು ಕಾಡು, ಅದರೊಳಗೆ ಸಾಗುವ ಕಿರುಗಾಲುವೆ.

ಬೆಳ್ಳಿಯ ಗಣಿ ಆಳವಾದಷ್ಟೂ ಒಳಗೆ ನೀರು ಒಸರುತ್ತದೆ. ಉಗಿಯಂತ್ರವಿಲ್ಲದ ಕಾಲದಲ್ಲಿ ಅದನ್ನು ಮೇಲೆತ್ತಲು ನೀರಿನಿಂದ ತಿರುಗುವ ಚಕ್ರವೇ ಗತಿ. ಗಣಿಯ ನೀರನ್ನು ಹೊರಹಾಕುವುದಕ್ಕಾಗಿಯೇ ಬೆಟ್ಟದ ಮೇಲೆ ಮಳೆನೀರನ್ನು ಕೂಡಿಡಬೇಕಾಯಿತು! ಹೀಗೆ ಈ ಸೀಮೆಯಲ್ಲಿ ಸುಮಾರು 140 ಕೆರೆಗಳೂ 500 ಕಿಲೋಮೀಟರ್ ಕಾಲುವೆಗಳೂ ಹುಟ್ಟಿದವು. ಮಳೆ ತಪ್ಪಿದರೆ ಚಕ್ರ ನಿಲ್ಲುತ್ತಿತ್ತು: ಭೂಮಿಯ ಮೇಲೆ ಬರ, ಗಣಿಯೊಳಗೆ ನೆರೆ. ಗಣಿ ನಿಂತರೆ ಕೂಲಿಯೂ ಇಲ್ಲ. ನಮ್ಮ ರೈತರಂತೆ ಆ ಗಣಿಗಾರರೂ ಮುಗಿಲನ್ನೇ ನೋಡುತ್ತಿದ್ದರೆಂಬುದು ನಮಗೆ ಅಲ್ಲಿ ಮನದಟ್ಟಾಯಿತು.

ಸಾಂಕ್ಟ್ ಆಂಡ್ರೆಯಾಸ್‌ಬೆರ್ಗಿನ ಗಣಿಗಾರರು 1715ರಿಂದ 1722ರವರೆಗೆ ಕಟ್ಟಿದ ಓಡರ್‌ಟೈಷ್‌ನಲ್ಲಿ ಸುಮಾರು 17 ಲಕ್ಷ ಘನಮೀಟರ್ ನೀರು ನಿಲ್ಲುತ್ತದೆ. 19ನೆಯ ಶತಮಾನದ ಕೊನೆಯವರೆಗೆ ಜರ್ಮನಿಯಲ್ಲಿ ಇದನ್ನು ಮೀರಿಸಿದ ಅಣೆಕಟ್ಟಿರಲಿಲ್ಲ. 2010ರಲ್ಲಿ ಈ ಜಲವ್ಯವಸ್ಥೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಆಂಡ್ರೆಯಾಸ್‌ಬೆರ್ಗಿನ ಸ್ಯಾಮ್ಸನ್ ಗಣಿ 1910ರಲ್ಲಿ ಮುಚ್ಚಿತು. ಓಡರ್‌ಟೈಷ್‌ನ ನೀರು ಇಂದಿಗೂ ಅದೇ ಕಾಲುವೆಯಲ್ಲಿ ಹರಿದು, ಅದೇ ಗಣಿಯ ಆಳಕ್ಕಿಳಿದು ವಿದ್ಯುತ್ತನ್ನು ಉತ್ಪಾದಿಸುತ್ತಿದೆ.