ಸಿಎಜಿ, ಸಿಎಜಿ, ಸಿಎಜಿ...

ಊರಿಂದ ಬಂದಿದ್ದ ಅಪ್ಪ-ಅಮ್ಮನನ್ನು ಕರಕೊಂಡು ಒಮ್ಮೆ ಲಾಂಗ್ ಐಲೆಂಡಿನ ಈಸ್ಟ್ ಹ್ಯಾಂಪ್ಟನ್‌ಗೆ ಹೋಗಿದ್ದೆ. ಈಗ ಅದು ದುಡ್ಡಿದ್ದವರ ಬೀಚ್ ಮನೆಗಳ ಊರು. ನನಗೆ ಮಾತ್ರ ಅಲ್ಲಿ ನೆನಪಾದದ್ದು ಒಬ್ಬ ಹುಡುಗ. ವೈದ್ಯನಾಗಿದ್ದ ಅಪ್ಪನ ಜೊತೆ ಗಾಡಿಯಲ್ಲಿ ಹೋಗ್ತಾ ಇದ್ದಾಗ ದಾರಿಯಲ್ಲಿ ಅವನಿಗೆ ತಾಯಿ-ಮಗಳು ಎದುರಾದರು. ಇಬ್ಬರೂ ಎತ್ತರ, ಬಡಕಲು. ಮೈ ತಾನಾಗಿ ಬಳುಕುತ್ತಿತ್ತು, ಮುಖ ಸೊಟ್ಟಗಾಗುತ್ತಿತ್ತು. ಹುಡುಗ ಅದನ್ನು ಮರೆಯಲಿಲ್ಲ.

ಆತ ಜಾರ್ಜ್ ಹಂಟಿಂಗ್ಟನ್. 1872ರಲ್ಲಿ, ಬರೀ 22ನೇ ವಯಸ್ಸಿಗೆ, ಅಪ್ಪ ಮತ್ತು ತಾತ ನೋಡಿದ್ದ ರೋಗಿಗಳ ಟಿಪ್ಪಣಿ ಇಟ್ಟುಕೊಂಡು ಈ ಕಾಯಿಲೆಯ ಬಗ್ಗೆ ಬರೆದ. ತಂದೆಗೋ ತಾಯಿಗೋ ಇದ್ದರೆ ಮಕ್ಕಳಿಗೆ ಬರಬಹುದು, ತಪ್ಪಿಸಿಕೊಂಡ ಮಗುವಿನ ಸಂತಾನಕ್ಕೆ ಮತ್ತೆ ಬರೋದಿಲ್ಲ ಅಂದ. ಮೆಂಡೆಲ್‌ನ ಹೆಸರೇ ಹೆಚ್ಚಿನವರಿಗೆ ಗೊತ್ತಿಲ್ಲದ ಕಾಲ ನೋಡಿ ಅದು!

ಇಂಥ ಕೆಲವು ಕಾಯಿಲೆಗಳಲ್ಲಿ ಇನ್ನೊಂದು ವಿಚಿತ್ರ ಇತ್ತು. ಅಜ್ಜನಿಗೆ ಅರವತ್ತರಲ್ಲಿ ಬಂದದ್ದು ಮೊಮ್ಮಗನಿಗೆ ಮೂವತ್ತಕ್ಕೇ ಬರೋದು. 1948ರಲ್ಲಿ ಲಯನೆಲ್ ಪೆನ್‌ರೋಸ್ ಎಂಬ ದೊಡ್ಡ ತಳಿವಿಜ್ಞಾನಿ, ಸ್ನಾಯುವಿನ ಕಾಯಿಲೆಯೊಂದನ್ನು ಮುಂದಿಟ್ಟುಕೊಂಡು, ಇದು ರೋಗಿಗಳನ್ನು ಆರಿಸುವ ರೀತಿಯಿಂದ ಹುಟ್ಟಿದ ಭ್ರಮೆ ಅಂತ ವಾದಿಸಿದರು. ವಾದ ದಡ್ಡತನದ್ದಲ್ಲ, ಚಿಕ್ಕವಯಸ್ಸಿಗೇ ತೀವ್ರವಾಗಿ ಕಾಯಿಲೆ ಬಿದ್ದವರಿಗೆ ಮಕ್ಕಳಾಗೋದೇ ಕಡಿಮೆ, ಹಾಗಾಗಿ ಲೆಕ್ಕಕ್ಕೆ ಸಿಗುವ ತಂದೆ-ತಾಯಿಗಳೆಲ್ಲ ತಡವಾಗಿ ರೋಗ ಕಂಡವರೇ. ಆದ್ರೆ ದಶಕಗಳ ಕಾಲ ವಿಜ್ಞಾನಿಗಳು ಆ ಮನೆಯವರ ಅನುಭವವನ್ನ ಪಕ್ಕಕ್ಕಿಟ್ಟರು.

1968ರಲ್ಲಿ ನ್ಯಾನ್ಸಿ ವೆಕ್ಸ್‌ಲರ್ ಎಂಬ ಹುಡುಗಿಯ ಅಮ್ಮನಿಗೆ ಹಂಟಿಂಗ್ಟನ್ ಅಂತ ಗೊತ್ತಾಯ್ತು. ಅಂದರೆ ನ್ಯಾನ್ಸಿಗೂ ಅಕ್ಕನಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಆಕೆ ಅಳುತ್ತಾ ಕೂರಲಿಲ್ಲ. ವೆನೆಜುವೆಲಾದ ಮರಕೈಬೊ ಸರೋವರದ ದಂಡೆಯ ಬಡ ಹಳ್ಳಿಗಳಲ್ಲಿ ಈ ಕಾಯಿಲೆ ತುಂಬಿತ್ತು. ಅಲ್ಲಿಗೆ ವರ್ಷ ವರ್ಷ ಹೋಗಿ ವಂಶವೃಕ್ಷ ಬರೆದು, ರಕ್ತ ತಂದರು. ಅದರ ನೆರವಿನಿಂದ 1983ರಲ್ಲಿ ಜೇಮ್ಸ್ ಗುಸೆಲ್ಲಾ ತಂಡಕ್ಕೆ ದೋಷ ನಾಲ್ಕನೇ ವರ್ಣತಂತುವಿನಲ್ಲಿದೆ ಅಂತ ತಿಳೀತು. ಜೀನ್ ಕೈಗೆ ಸಿಕ್ಕಲು ಇನ್ನೂ ಹತ್ತು ವರ್ಷ, 1993.

ಸಿಕ್ಕಿದ್ದೇನು? ಸಿಎಜಿ ಎಂಬ ಮೂರು ಅಕ್ಷರ, ಮತ್ತೆ ಮತ್ತೆ. 35ರವರೆಗೆ ತೊಂದರೆಯಿಲ್ಲ, 40 ದಾಟಿದರೆ ಆಯಸ್ಸಿದ್ದಲ್ಲಿ ಕಾಯಿಲೆ ಖಚಿತ. ಸ್ಕೂಲಲ್ಲಿ ಇಂಪೊಸಿಷನ್ ಬರೆದವರಿಗೆ ಗೊತ್ತು, ಒಂದೇ ಮಾತು ಬರೀತಾ ಬರೀತಾ ಲೆಕ್ಕ ತಪ್ಪುತ್ತೆ. ಡಿಎನ್‌ಎ ನಕಲು ಮಾಡುವಾಗಲೂ, ದುರಸ್ತಿ ಮಾಡುವಾಗಲೂ ಹಾಗೇ. ಸಾಲು ಉದ್ದವಾದಷ್ಟೂ ತಪ್ಪು ಜಾಸ್ತಿ. ಅದರಲ್ಲೂ ಅಪ್ಪನಿಂದ ಬರುವಾಗ ಸಾಲು ದೊಡ್ಡದಾಗಿ ಬೆಳೆಯೋದು ಹೆಚ್ಚು. ಸಾಲು ಬೆಳೆದಷ್ಟೂ ಕಾಯಿಲೆ ಬೇಗ. ಪೆನ್‌ರೋಸ್ ನೋಡಿದ್ದ ಸ್ನಾಯುರೋಗದಲ್ಲೂ 1992ರಲ್ಲೇ ಇಂಥದೇ ಪುನರಾವರ್ತನೆ ಸಿಕ್ಕಿತ್ತು. ಅಲ್ಲಿಗೆ, ಆ ಮನೆಯವರು ಹೇಳ್ತಿದ್ದದ್ದು ಭ್ರಮೆಯಾಗಿರಲಿಲ್ಲ.

ಜೀನ್ ಸಿಕ್ಕ ಮೇಲೆ ಒಂದು ರಕ್ತಪರೀಕ್ಷೆ ಸಾಕಾಗಿತ್ತು. ನ್ಯಾನ್ಸಿ ಅದನ್ನು ಮಾಡಿಸಿಕೊಳ್ಳಲೇ ಇಲ್ಲ. 2020ರಲ್ಲಿ, ತನಗೂ ಆ ಕಾಯಿಲೆ ಇದೆ ಅಂತ ಆಕೆಯೇ ಹೇಳಿಕೊಂಡರು.