ಸಮುದ್ರದ ಮೀನಿಗೆ ಎಷ್ಟಡಿ ಮನೆ?

ಎರಡು ತಿಂಗಳ ಹಿಂದೆ ಭದ್ರಾವತಿಯ ಗೆಳೆಯರೊಬ್ಬರು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ್ದರು. ಎರಡಡಿ ಉದ್ದ, ಒಂದಡಿ ಅಗಲ, ಮೂರಡಿ ಎತ್ತರದ ಗಾಜಿನ ತೊಟ್ಟಿ. ಹಾಲಿನ ಮೂಲೆಯಲ್ಲಿ ಬೀರು ನಿಲ್ಲಿಸಿದ ಹಾಗೆ ನಿಲ್ಲುತ್ತದೆ, ಜಾಗ ಹೆಚ್ಚು ಬೇಡ, ನೋಡಲು ಚೆಂದ. ಅದರಲ್ಲಿ ಉಪ್ಪುನೀರು ತುಂಬಿಸಿ, ಮಗಳ ಹುಟ್ಟುಹಬ್ಬಕ್ಕೆ ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟೆಯಿರುವ ಕ್ಲೌನ್ ಮೀನು ಬಿಡಬೇಕಂತೆ. 'ಅಡ್ವಾನ್ಸ್ ಕೊಡ್ಲಾ?' ಎಂದು ಕೇಳಿದರು. 'ಎರಡು ದಿನ ತಡೀರಿ ಸಾರ್' ಎಂದೆವು.

ತಡೆದದ್ದಕ್ಕೆ ಕಾರಣವಿದೆ. ಡಿಪ್ಲೊಮಾ ಓದುವಾಗ ಶಿವಮೊಗ್ಗದ ಬಾಡಿಗೆ ರೂಮಿನಲ್ಲಿ ನಾವೂ ಇಂಥದ್ದೇ ಎತ್ತರದ ತೊಟ್ಟಿ ಇಟ್ಟಿದ್ದೆವು. ಸಿಹಿನೀರಿನದು. ಮಳೆಗಾಲದ ಒಂದು ರಾತ್ರಿ ಕರೆಂಟು ಹೋಯಿತು, ಗಾಳಿ ಬಿಡುವ ಮೋಟಾರು ನಿಂತಿತು. ಬೆಳಗ್ಗೆ ಎದ್ದು ನೋಡಿದರೆ ನಾಲ್ಕು ಮೀನು ತೇಲುತ್ತಿದ್ದವು, ಉಳಿದ ಎರಡು ನೀರಿನ ಮೇಲೆ ಬಾಯಿ ತೆರೆದು ಒದ್ದಾಡುತ್ತಿದ್ದವು. ತಪ್ಪು ಕರೆಂಟಿನದು ಎಂದೇ ಬಹಳ ವರ್ಷ ನಂಬಿದ್ದೆವು.

ನಮ್ಮ ಕಡೆಯವರಿಗೆ ಮೀನು ಸಾಕುವುದೆಂದರೆ ಹರಿಯುವ ನೀರು. ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕದವರು ಕಡಿಮೆ. ಅಲ್ಲಿ ಅಳತೆಯ ಪ್ರಶ್ನೆಯೇ ಇಲ್ಲ, ಹೊಳೆಯೇ ತೊಟ್ಟಿ. ಹನ್ನೆರಡನೇ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಸಮುದ್ರದ ಮೀನು, ನದಿಯ ಮೀನು ಎರಡನ್ನೂ ವಿವರಿಸಿ, ಯಾವುದಕ್ಕೆ ಏನು ತಿನ್ನಿಸಬೇಕೆಂದೂ ಹೇಳುತ್ತಾನೆ. ಆದರೆ ಅದು ಗಾಳ ಹಾಕುವ ರಾಜನ ಮಾತು. ಸಮುದ್ರವನ್ನು ಪೆಟ್ಟಿಗೆಯೊಳಗೆ ತಂದು ಮನೆಯಲ್ಲಿಡುವ ಹುಚ್ಚು ಹತ್ತಿದ್ದು ಲಂಡನ್ನಿನವರಿಗೆ. ಲಂಡನ್ ಕೂಡ ನಮ್ಮ ಹಾಗೆ ಕಡಲ ದಡದ ಊರಲ್ಲ.

1846ರಲ್ಲಿ ಅನ್ನಾ ಥಿನ್ ಎಂಬ ಹೆಂಗಸು ಟಾರ್ಕೀ ಎಂಬ ಕರಾವಳಿ ಊರಿನಿಂದ ಜೀವಂತ ಹವಳ ತಂದು ಲಂಡನ್ನಿನ ಮನೆಯಲ್ಲಿಟ್ಟರು. ಮೋಟಾರಿಲ್ಲದ ಕಾಲ. ನೀರಿಗೆ ಗಾಳಿ ಸೇರಲೆಂದು ತೆರೆದ ಕಿಟಕಿಯ ಮುಂದೆ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಸುರಿಯಬೇಕಿತ್ತು, ನಾವು ಕಾಫಿ ಆರಿಸುವ ಹಾಗೆ. ಸುರಿಯುವ ಕೆಲಸ ಮನೆಗೆಲಸದವಳ ಪಾಲಿಗೂ ಬಂತು. ಚರಿತ್ರೆಯಲ್ಲಿ ಆಕೆಯ ಹೆಸರು ಸಿಗುವುದಿಲ್ಲ ಬಿಡಿ.

ಅವರು ಕೈಯಲ್ಲಿ ಮಾಡುತ್ತಿದ್ದ ಕೆಲಸವನ್ನು ಮಾಡಬೇಕಾದದ್ದು ನೀರಿನ ಮೇಲ್ಮೈ. ಗಾಳಿಯಲ್ಲಿರುವ ಆಮ್ಲಜನಕ ನೀರಿಗೆ ಇಳಿಯುವುದು ಅಲ್ಲಿಂದಲೇ. ಗುಳ್ಳೆ ಬಿಡುವ ಮೋಟಾರು ಕೂಡ ಹೆಚ್ಚಾಗಿ ಮಾಡುವುದು ಕೆಳಗಿನ ನೀರನ್ನು ಮೇಲಕ್ಕೆ ತಂದು ಗಾಳಿಗೆ ತಾಗಿಸುವ ಕೆಲಸ. ಉಪ್ಪುನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕವಂತೂ ಸಿಹಿನೀರಿಗಿಂತ ಸುಮಾರು ಐದನೇ ಒಂದು ಪಾಲು ಕಡಿಮೆ.

ಈಗ ಗೆಳೆಯರ ತೊಟ್ಟಿಯ ಲೆಕ್ಕ ನೋಡಿ. ಎರಡು, ಒಂದು, ಮೂರು ಗುಣಿಸಿದರೆ 6 ಘನ ಅಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್, ಅಂದರೆ ಹತ್ತಿರ ಹತ್ತಿರ 170 ಲೀಟರ್ ನೀರು. ಗಾಳಿಗೆ ತೆರೆದಿರುವುದು ಎರಡೇ ಚದರಡಿ. ಅದೇ 6 ಘನ ಅಡಿಯನ್ನು ಮಲಗಿಸಿ, ಮೂರಡಿ ಉದ್ದ, ಎರಡಡಿ ಅಗಲ, ಒಂದಡಿ ಎತ್ತರ ಮಾಡಿದರೆ ಮೇಲ್ಮೈ ಆರು ಚದರಡಿ. ನೀರು ಅಷ್ಟೇ, ಉಸಿರಾಟದ ಜಾಗ ಮೂರು ಪಟ್ಟು. ನಮ್ಮ ಆ ಮೀನುಗಳ ಸಾವಿಗೆ ನಾವು ಆರಿಸಿದ ಎತ್ತರವೂ ಕಾರಣ ಎಂದು ಗೊತ್ತಾದದ್ದು ಈ ಲೆಕ್ಕ ಹಾಕಿದ ಮೇಲೆ.

1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ 'ದಿ ಅಕ್ವೇರಿಯಂ' ಪುಸ್ತಕ ತಂದರು. ಕಡಲು ದೂರವಿದ್ದವರಿಗಾಗಿ ನಾಲ್ಕು ಲವಣ ಬೆರೆಸಿ ಸಮುದ್ರದ ನೀರು ಮಾಡುವ ಲೆಕ್ಕವನ್ನೂ ಕೊಟ್ಟರು. ಆಮೇಲೆ ಮನೆಮನೆಯಲ್ಲೂ ಗಾಜಿನ ತೊಟ್ಟಿ. ಹೆಚ್ಚಿನವು ನೋಟಕ್ಕೆ ಮಾಡಿದವು, ಮೀನಿಗಲ್ಲ. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು ಹಿಂಬದಿ ಇಳಿಜಾರಾಗಿರುವ, ಆಳ ಕಡಿಮೆಯಿರುವ ತೊಟ್ಟಿ ರೂಪಿಸಿದರು. ಬೀರುವಿನಂಥ ತೊಟ್ಟಿ ಮಾರುವವರು ಇವತ್ತಿಗೂ ಅವರ ಮಾತು ಕೇಳಿಲ್ಲ.

ನಮಗೆ ಇವರೆಲ್ಲರಿಗಿಂತ ಹೆಚ್ಚು ಹಿಡಿಸಿದವರು ವಿಲಿಯಂ ಆಲ್ಫರ್ಡ್ ಲಾಯ್ಡ್. ಲಂಡನ್ನಿನಲ್ಲಿ ಸಮುದ್ರದ ನೀರು, ತೊಟ್ಟಿ ಮಾರುವ ಅಂಗಡಿ ಇಟ್ಟಿದ್ದವರು. ಮುಂದೆ ಹ್ಯಾಂಬರ್ಗ್, ಕ್ರಿಸ್ಟಲ್ ಪ್ಯಾಲೇಸ್ ಮತ್ಸ್ಯಾಲಯಗಳನ್ನು ರೂಪಿಸಿದರು. ಜನ ನೋಡುವ ತೊಟ್ಟಿಗಳ ಕೆಳಗೆ ಕತ್ತಲಲ್ಲಿ ಅವಕ್ಕಿಂತ ದೊಡ್ಡ ನೀರಿನ ಗುಂಡಿ ಮಾಡಿ, ಅಲ್ಲಿಂದ ನೀರನ್ನು ಮೇಲಕ್ಕೂ ಕೆಳಕ್ಕೂ ಸುತ್ತಿಸಿದ್ದು ಅವರ ಉಪಾಯ. ನಮ್ಮ ಮನೆಗಳ ಸಂಪು ಮತ್ತು ಓವರ್‌ಹೆಡ್ ಟ್ಯಾಂಕ್ ನೆನಪಿಸಿಕೊಳ್ಳಿ, ಅದೇ ವ್ಯವಸ್ಥೆ. ಈಗಲೂ ಉಪ್ಪುನೀರಿನ ಮೀನು ಸಾಕುವವರು ಸ್ಟ್ಯಾಂಡಿನೊಳಗೆ ಇಡುವ ಕೆಳತೊಟ್ಟಿಗೆ ಸಂಪ್ ಎಂದೇ ಹೇಳುತ್ತಾರೆ. ಒಂದು ಮಾತು ಮರೆಯಬೇಡಿ: ಕರೆಂಟು ಹೋದಾಗ ಮೇಲಿನ ಒಂದಿಷ್ಟು ನೀರು ಕೆಳಗಿಳಿಯುತ್ತದೆ. ಸಂಪಿನಲ್ಲಿ ಅಷ್ಟು ಜಾಗ ಖಾಲಿ ಬಿಡದಿದ್ದರೆ ಹಾಲು ತುಂಬಾ ಉಪ್ಪುನೀರು.

ಭದ್ರಾವತಿಯವರಿಗೆ ಇನ್ನೊಂದು ವಿಷಯ. ಹಿಂದೆ ತೊಟ್ಟಿಗಳನ್ನು ಲೋಹದ ಚೌಕಟ್ಟಿಗೆ ಗಾಜು ಕೂರಿಸಿ, ಪುಟ್ಟಿ ಮೆತ್ತಿ ಮಾಡುತ್ತಿದ್ದರು. 1923ರಿಂದ ಕಬ್ಬಿಣ ಕರಗಿಸಿದ ಊರಿನವರಿಗೆ ತುಕ್ಕಿನ ಬಗ್ಗೆ ನಾವು ಹೇಳಬೇಕೇ? ಉಪ್ಪುನೀರು ಕಬ್ಬಿಣವನ್ನು ಉಳಿಸುವುದಿಲ್ಲ. 1960ರ ದಶಕದಲ್ಲಿ ಸಿಲಿಕೋನ್ ಅಂಟು ಬಂದ ಮೇಲೆ ಬರೀ ಗಾಜಿನ ತೊಟ್ಟಿ ಸಾಧ್ಯವಾಯಿತು. ಆಗಲೇ ಎತ್ತರದ ಆಸೆಯೂ ಬೆಳೆದದ್ದು ಎಂದು ನಮ್ಮ ಗುಮಾನಿ. ಗಾಜಿನ ಮೇಲೆ ಬೀಳುವ ಒತ್ತಡ ತೊಟ್ಟಿಯ ಉದ್ದದಿಂದಲ್ಲ, ನೀರಿನ ಆಳದಿಂದ ಹೆಚ್ಚುತ್ತದೆ. ಮೂರಡಿ ಎತ್ತರಕ್ಕೆ ಗಾಜು ದಪ್ಪ, ದುಡ್ಡು ಜಾಸ್ತಿ, ತಳ ಉಜ್ಜಲು ಕೈಯೂ ಎಟುಕುವುದಿಲ್ಲ.

1909ರಲ್ಲಿ ಶುರುವಾದ ಮದ್ರಾಸಿನ ಮತ್ಸ್ಯಾಲಯ, 1951ರ ಮುಂಬೈ ತಾರಾಪೋರ್‌ವಾಲಾ ಎರಡೂ ಸಮುದ್ರದ ಪಕ್ಕದಲ್ಲೇ ಎದ್ದವು. ನಮಗೆ ಕಡಲು ಬೇಕೆಂದರೆ ಘಾಟಿ ಇಳಿಯಬೇಕು. ಹಾಗಾಗಿ ಪ್ಯಾಕೆಟ್ಟಿನ ಸಮುದ್ರದ ಉಪ್ಪು ಬೆರೆಸುವುದೇ ದಾರಿ, ಲೀಟರಿಗೆ ಸುಮಾರು 35 ಗ್ರಾಂ. ಅಡುಗೆ ಉಪ್ಪು ನಡೆಯುವುದಿಲ್ಲ. ನೀರು ಆವಿಯಾದರೂ ಉಪ್ಪು ಉಳಿಯುತ್ತದೆ, ಆದ್ದರಿಂದ ಕಡಿಮೆಯಾದಷ್ಟಕ್ಕೆ ಉಪ್ಪಿಲ್ಲದ ಶುದ್ಧ ನೀರು ಹಾಕಬೇಕು. ತೊಟ್ಟಿ ಚಿಕ್ಕದಾದಷ್ಟೂ ಬೇಸಿಗೆಯಲ್ಲಿ ಈ ಏರುಪೇರು ಜೋರು.

ಕೊನೆಗೆ ಗೆಳೆಯರಿಗೆ ನಾವು ಹೇಳಿದ ಅಳತೆ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು 190 ಲೀಟರ್, ಆರೂವರೆ ಕಿಲೊ ಉಪ್ಪು. ಗಾಜು, ಕಲ್ಲು, ಮರಳು ಸೇರಿ ತೂಕ ಐದು ಚೀಲ ಸಿಮೆಂಟಿನಷ್ಟಾಗಬಹುದು. ಹಳೇ ಹೆಂಚಿನ ಮನೆಯ ಮರದ ಅಟ್ಟದ ಮೇಲೆ ಇದನ್ನು ಇಡಲೇಬಾರದು. ನೇತ್ರಾಣಿ ಕಡೆಯಿಂದ ಹವಳ ತರಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಕ್ಲೌನ್ ಮೀನಾದರೆ ಸಾಕಣೆಯಲ್ಲಿ ಹುಟ್ಟಿದ ಮರಿಯನ್ನೇ ಕೇಳಿ ತನ್ನಿ.

ಅವರು ಎತ್ತರದ ತೊಟ್ಟಿ ಬಿಟ್ಟು ಇದನ್ನೇ ಮಾಡಿಸಿದರು. ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಹುಟ್ಟುಹಬ್ಬ ಮುಗಿಯಿತು, ತೊಟ್ಟಿಯಲ್ಲಿ ಇನ್ನೂ ಬರೀ ನೀರು, ಕಲ್ಲು. ಮಗಳು ದಿನಾ ಶಾಲೆಯಿಂದ ಬಂದವಳೇ 'ಅಪ್ಪಾ, ಇವತ್ತು ಬಿಡೋದಾ?' ಎಂದು ಕೇಳುತ್ತಾಳಂತೆ.