5ಜಿ ಎಲ್‌ಡಿಪಿಸಿ ಡಿಕೋಡಿಂಗ್‌ನಲ್ಲಿ ಜಿಪಿಯು: ಸಂಕೇತದ ರಚನೆ ಮತ್ತು ವಿಳಂಬದ ಲೆಕ್ಕ

ಬೇಸ್ ಸ್ಟೇಷನ್‌ಗೆ ಅತಿ ಹೆಚ್ಚು ಗಣನೆ ಬೇಡುವ ಕೆಲಸಗಳಲ್ಲಿ ದೋಷ ತಿದ್ದುವ ಡಿಕೋಡಿಂಗ್ ಒಂದು. ಇದನ್ನು ಜಿಪಿಯುಗೆ ವಹಿಸಿದಾಗ ಸಿಗುವ ವೇಗಕ್ಕೆ ಚಿಪ್‌ನ ಬಲಕ್ಕಿಂತ ಸಂಕೇತದ ರಚನೆಯೇ ಹೆಚ್ಚು ಕಾರಣ ಎಂಬುದು ನನ್ನ ವಾದ.

1993ರಲ್ಲಿ ಬೆರೂ ಮತ್ತು ಸಂಗಡಿಗರು ಮಂಡಿಸಿದ ಟರ್ಬೊ ಸಂಕೇತ 3ಜಿ, 4ಜಿಗಳಲ್ಲಿ ನೆಲೆಯೂರಿತು. ಅದರ ಡಿಕೋಡರ್ ಟ್ರೆಲ್ಲಿಸ್‌ನ ಉದ್ದಕ್ಕೂ ಮುಂದಕ್ಕೂ ಹಿಂದಕ್ಕೂ ನಡೆಯುತ್ತದೆ. ಒಂದು ಹೆಜ್ಜೆ ಮುಗಿಯದೆ ಮುಂದಿನದು ಶುರುವಾಗದು. ಎಲ್‌ಟಿಇಯ 6144 ಬಿಟ್‌ಗಳ ಬ್ಲಾಕನ್ನು ತುಂಡರಿಸಿ ಥ್ರೆಡ್‌ಗಳಿಗೆ ಹಂಚಬಹುದು ನಿಜ. ಆದರೆ ತುಂಡು ಚಿಕ್ಕದಾದಷ್ಟೂ ಅಂಚುಗಳ ಅಂದಾಜು ಸಡಿಲವಾಗಿ, ತಿದ್ದುವ ಶಕ್ತಿಯೇ ಕುಗ್ಗುತ್ತದೆ.

ರಾಬರ್ಟ್ ಗ್ಯಾಲಗರ್ 1960ರ ದಶಕದ ಆರಂಭದಲ್ಲಿ ಎಂಐಟಿಯಲ್ಲಿ ರೂಪಿಸಿದ ಎಲ್‌ಡಿಪಿಸಿ ಸಂಕೇತಕ್ಕೆ ಈ ತೊಡಕಿಲ್ಲ. 5ಜಿ ತನ್ನ ದತ್ತಾಂಶ ವಾಹಿನಿಗಳಿಗೆ ಆರಿಸಿಕೊಂಡದ್ದು ಇದನ್ನೇ. ಅದರ ಮೊದಲ ಮೂಲ ಮಾತೃಕೆಯಲ್ಲಿ 46 ಅಡ್ಡಸಾಲು, 68 ಕಂಬಸಾಲುಗಳಿವೆ. ಶೂನ್ಯವಲ್ಲದ ಪ್ರತಿ ಅಂಕವೂ ಗರಿಷ್ಠ 384×384 ಗಾತ್ರದ, ಚಕ್ರಾಕಾರವಾಗಿ ಸರಿಸಿದ ಏಕಮಾನ ಮಾತೃಕೆಯಾಗಿ ಹಿಗ್ಗುತ್ತದೆ. ಆದ್ದರಿಂದ ಒಂದು ಮೂಲ ಸಾಲಿನಲ್ಲಿ 384 ಪ್ಯಾರಿಟಿ ಪರೀಕ್ಷೆಗಳು ಒಂದರ ಹಂಗು ಒಂದಕ್ಕಿಲ್ಲದೆ ನಡೆಯುತ್ತವೆ. ಯಾವ ಎರಡು ಥ್ರೆಡ್‌ಗಳೂ ಒಂದೇ ಬಿಟ್‌ನ ಮೌಲ್ಯಕ್ಕೆ ಕೈಹಾಕುವುದಿಲ್ಲ. 32 ಥ್ರೆಡ್‌ಗಳ ವಾರ್ಪ್‌ಗಳಾಗಿ ಎಣಿಸಿದರೆ ಸರಿಯಾಗಿ 12. ಒಂದು ಥ್ರೆಡ್ಡೂ ಖಾಲಿ ಕೂರದು.

ಮೆಮೊರಿಯ ಲೆಕ್ಕದಲ್ಲಿ ಮಾತ್ರ ಜಾಣ್ಮೆ ಬೇಕು. ಬಿಟ್‌ಗೊಂದು ಬೈಟ್‌ನಂತೆ 26,112 ಸಂಭಾವ್ಯತಾ ಮೌಲ್ಯಗಳು 25.5 ಕಿಲೋಬೈಟ್‌ನಲ್ಲಿ ಅಡಗಿ, ಚಿಪ್‌ನೊಳಗಿನ ಹಂಚಿಕೆಯ ಮೆಮೊರಿಯಲ್ಲಿ ಹಿಡಿಸುತ್ತವೆ. ಮಾತೃಕೆಯ 316 ಅಂಕಗಳಿಂದ ಹುಟ್ಟುವ, ಪರೀಕ್ಷೆಗಳಿಂದ ಬಿಟ್‌ಗಳಿಗೆ ಹೋಗುವ 1,21,344 ಸಂದೇಶಗಳಿಗೆ 118.5 ಕಿಲೋಬೈಟ್ ಬೇಕು. ಮಿನ್-ಸಮ್ ವಿಧಾನ ಇಲ್ಲಿ ನೆರವಾಗುತ್ತದೆ: ಪ್ರತಿ ಪರೀಕ್ಷೆಗೆ ಎರಡು ಕನಿಷ್ಠ ಮೌಲ್ಯ, ಮೊದಲನೆಯದರ ಸ್ಥಾನ, ಚಿಹ್ನೆಗಳು, ಇಷ್ಟನ್ನೇ ಉಳಿಸಿಕೊಂಡರೆ ಸಂದೇಶಗಳನ್ನೆಲ್ಲ ಮತ್ತೆ ಕಟ್ಟಬಹುದು.

ಜಿಪಿಯು ತುಂಬಿ ದುಡಿಯಲು ನೂರಾರು ಬ್ಲಾಕ್‌ಗಳನ್ನು ಒಟ್ಟಿಗೆ ಕೊಡುವುದು ರೂಢಿ. ಹೀಗೆ ಬರುವ ಗಿಗಾಬಿಟ್ ಅಂಕಿ ಆಕರ್ಷಕವಾದರೂ, ಅದೊಂದರಿಂದಲೇ ಡಿಕೋಡರ್‌ನ ಯೋಗ್ಯತೆ ಅಳೆಯುವುದನ್ನು ನಾನು ಒಪ್ಪಲಾರೆ. ಉಪವಾಹಕಗಳ ನಡುವೆ 30 ಕಿಲೋಹರ್ಟ್ಸ್ ಅಂತರವಿದ್ದಾಗ ಒಂದು ಸ್ಲಾಟ್ 0.5 ಮಿಲಿಸೆಕೆಂಡ್ ಮಾತ್ರ. ಬ್ಲಾಕ್‌ಗಳು ಕೂಡಲೆಂದು ಕಾಯುತ್ತ ಕೂತರೆ ಮೊಬೈಲ್‌ಗೆ ಉತ್ತರ ಹೋಗುವುದು ತಡವಾಗುತ್ತದೆ.

ಡಿಕೋಡಿಂಗನ್ನಷ್ಟೇ ಜಿಪಿಯುಗೆ ಕೊಡುವುದೂ ದುಬಾರಿ. ಅತಿ ದೊಡ್ಡ ಬ್ಲಾಕ್‌ಗೆ 1/3 ದರದಲ್ಲಿ 25,344 ಬೈಟ್ ಮೌಲ್ಯಗಳು ಒಳಹೋಗುತ್ತವೆ, 8448 ಬಿಟ್, ಅಂದರೆ 1056 ಬೈಟ್, ಹೊರಬರುತ್ತವೆ. ಹೊರಗೆ ಬರುವುದರ 24 ಪಟ್ಟನ್ನು ಸಿಪಿಯು ಮತ್ತು ಜಿಪಿಯು ನಡುವಿನ ಬಸ್ ಹೊತ್ತು ತರಬೇಕು. ಎನ್‌ವಿಡಿಯಾದ ಏರಿಯಲ್‌ನಂತೆ ಇಡೀ ಭೌತಿಕ ಸ್ತರವನ್ನೇ ಜಿಪಿಯುವಿನಲ್ಲಿಟ್ಟರೆ ಈ ಮೌಲ್ಯಗಳು ಅಲ್ಲೇ ಹುಟ್ಟಿ ಅಲ್ಲೇ ಬಳಕೆಯಾಗುತ್ತವೆ. ಈ ಹೊರೆ ಬಸ್‌ನ ಮೇಲೆ ಬೀಳುವುದೇ ಇಲ್ಲ.